ಹಾಜರಿ ಪುಸ್ತಕದ ಕೆರಿಶಾ

ಕೆರಿಶಾ ಗುಡನ್‌ಳ ದನಿ ಬೆಳಗಿನ ಏಳೂಕಾಲಿಗೆ ಬೇರೆಯವಳ ಗಂಟಲಲ್ಲಿ ಸರಿಯಾಗಿ ಕೂರುವುದಿಲ್ಲ. ಅದಕ್ಕೆ ಸ್ವಲ್ಪ ಬಿಸಿ ಬೇಕು, ಒಂದಿಷ್ಟು ಸಕ್ಕರೆ ಬೇಕು, ಮೂಗಿನ ಬುಡದಲ್ಲೆಲ್ಲೋ ಒಂದು ನಗು ಸದಾ ಸಿಕ್ಕಿಹಾಕಿಕೊಂಡಿರಬೇಕು. ನರ್ಸ್ ಡೊರೆಟ್ ಹೆಸ್ಲಪ್ ಆಸ್ಪತ್ರೆಯ ಡ್ಯೂಟಿ ಕೋಣೆಯ ಸಿಂಕಿನ ಮುಂದೆ ನಿಂತು ಶುಂಠಿ ಚಹಾ ಗುಟುಕರಿಸಿ, "ಅಜ್ಜೀ, ನನ್ ಬಂಗಾರಾ, ಎದ್ದಿದೀಯೇನೇ" ಎಂದು ಮೆಲ್ಲಗೆ ಒಂದು ಸಲ ಅಂದು ನೋಡಿದಳು. ಕೊನೆಯ 'ನೇ' ಏರಬೇಕು. ಏರಿ, ಜಾರುಬಂಡೆಯ ಮೇಲೆ ಕೂತ ಮಗುವಿನ ಹಾಗೆ ಸೊಯ್ಯನೆ ಇಳಿಯಬೇಕು. ಎರಡನೆಯ ಸಲಕ್ಕೆ ಸರಿಯಾಯಿತು. ಇಪ್ಪತ್ತೆರಡು ದಿನದಿಂದ ದಿನಾ ಬೆಳಗ್ಗೆ ಸರಿಯಾಗುತ್ತಿತ್ತು. ಸರಿಯಾದಾಗಲೆಲ್ಲ ಅವಳಿಗೆ ಸಿಂಕಿನ ಮೇಲಿನ ಕನ್ನಡಿಗೆ ಒಂದು ಗುದ್ದು ಕೊಡಬೇಕೆನಿಸುತ್ತಿತ್ತು. ಕನ್ನಡಿಯಲ್ಲಿದ್ದದ್ದು ನಲವತ್ತೊಂದು ವರ್ಷದ, ಎರಡು ಹುಬ್ಬಿನ ನಡುವೆ ಕೊಡಲಿ ಏಟಿನಂಥ ಗೆರೆಯಿದ್ದ ಅವಳದೇ ಮುಖ. ಅದರ ಬಾಯಿಂದ ಇಪ್ಪತ್ತೇಳರ ಕೆರಿಶಾ ಮಾತಾಡುವುದನ್ನು ನೋಡಿದರೆ ಯಾರೋ ತನ್ನ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ ಹಾಗೆ, ಅವರ ಚಪ್ಪಲಿ ತನಗೆ ಹಿಡಿಸದೆ ಹಿಮ್ಮಡಿ ಉಜ್ಜುತ್ತಿರುವ ಹಾಗೆ.

ವಾರ್ಡಿನ ಕೊನೆಯ ಕಿಟಕಿಯ ಪಕ್ಕ ಮಿಸ್ ವೀಡಾ ಎದ್ದು ಕೂತಿದ್ದಳು. ನಲವತ್ತು ವರ್ಷ ಜಮೈಕಾದ ಸಂತೆಗಳಲ್ಲಿ ಗೆಣಸು, ಈರುಳ್ಳಿ ಸೊಪ್ಪು ಮಾರಿದವಳು. ಸಕ್ಕರೆ ಕಾಯಿಲೆ ಮೊದಲು ಕಣ್ಣು ತಿಂದು, ಈಗ ಬಲಗಾಲಿಗೆ ಬಾಯಿ ಹಾಕಿತ್ತು. ಕಣ್ಣು ಹೋದರೂ ಸಂತೆಯ ಗಂಟಲು ಹೋಗಿರಲಿಲ್ಲ. "ಬಂದ್ಯಾ ಮಗಳೇ? ಆ ಹುಳಿ ಕಿತ್ತಳೆ ಇದಾಳಾ ಇವತ್ತು?" ಎಂದಳು. ಹುಳಿ ಕಿತ್ತಳೆ ಎಂದರೆ ಡೊರೆಟ್. "ಇಲ್ಲ ಅಜ್ಜೀ, ಅವಳು ಮಧ್ಯಾಹ್ನ ಬರ್ತಾಳೆ" ಎಂದಳು ಡೊರೆಟ್, ಕೆರಿಶಾಳ ಬಾಯಲ್ಲಿ, ಬ್ಯಾಂಡೇಜಿನ ತುದಿ ಹುಡುಕುತ್ತ. "ಬರ್ದೇ ಇದ್ರೆ ದೇವರಿಗೆ ಒಂದು ಹಾಡು ಜಾಸ್ತಿ ಹೇಳ್ತೀನಿ. ಏನ್ ದನಿಯೇ ಅದು! ತುಕ್ಕು ಹಿಡಿದ ಗೇಟು. ಅವಳು 'ಹೇಗಿದೀರಿ' ಅಂದ್ರೆ ನಂಗೆ 'ಯಾವಾಗ ಸಾಯ್ತೀರಿ' ಅಂದ ಹಾಗೆ ಕೇಳತ್ತೆ." ಅಕ್ಕಪಕ್ಕದ ಹಾಸಿಗೆಯವರು ಕಿಸಕ್ಕನೆ ನಕ್ಕರು. ಡೊರೆಟ್ಟೂ ನಕ್ಕಳು, ಕೆರಿಶಾಳ ನಗು, ಗಂಟೆಯಂಥದ್ದು. ಬೈಸಿಕೊಂಡದ್ದಕ್ಕೆ ತಾನೇ ನಗುವುದು ಒಂದು ವಿದ್ಯೆ. ಆ ವಿದ್ಯೆಯನ್ನು ಅವಳಿಗೆ ಯಾವ ನರ್ಸಿಂಗ್ ಶಾಲೆಯೂ ಕಲಿಸಿರಲಿಲ್ಲ. ಬ್ಯಾಂಡೇಜಿನ ಕೊನೆಯ ಸುತ್ತು ಬಿಚ್ಚಿದಾಗ ಆ ವಾಸನೆ ಬಂತು. ನಿನ್ನೆಗಿಂತ ಇವತ್ತು ಒಂದು ಹೆಜ್ಜೆ ಮುಂದೆ. ಕಿರುಬೆರಳು ಇದ್ದಿಲಿನಂತಾಗಿತ್ತು, ಅದರ ಪಕ್ಕದ್ದು ನೇರಳೆ ಬಣ್ಣ ದಾಟಿ ಹೋಗುತ್ತಿತ್ತು. "ಹೇಗಿದೆ ಮಗಳೇ?" ಇಲ್ಲೇ, ಈ ಪ್ರಶ್ನೆ ಬಂದಾಗಲೇ, ಡೊರೆಟ್ ಪ್ರತಿದಿನ ಒಂದು ಉಸಿರು ತಡೆದು ನಿಲ್ಲುತ್ತಾಳೆ. ಹೇಳಬೇಕಾದ ಮಾತು ಗಂಟಲವರೆಗೆ ಬರುತ್ತದೆ. ಅಲ್ಲಿ ಕೆರಿಶಾ ಕೂತಿರುತ್ತಾಳೆ. "ಚೆನ್ನಾಗಿದೆ ಬಂಗಾರಾ. ಒಣಗ್ತಾ ಇದೆ." ಮಿಸ್ ವೀಡಾ ಕುರುಡುಗಣ್ಣು ಮುಚ್ಚಿ, ತಲೆದಿಂಬಿಗೆ ಒರಗಿ, "ನನಗ್ಗೊತ್ತು. ನಿನ್ ಕೈ ಗುಣ" ಎಂದಳು.

ಇದು ಶುರುವಾದದ್ದು ತಮಾಷೆಯಾಗಿ ಎಂದು ಡೊರೆಟ್ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ತಮಾಷೆಯಲ್ಲ, ಸಿಟ್ಟಿನಲ್ಲಿ. "ದವಡೆ ಹಲ್ಲು ಕೀಳಿಸ್ಬೇಕು ಕಣೇ ಡೊರೆಟ್, ಒಂದೇ ಒಂದಿನ ನನ್ ಡ್ಯೂಟಿ ನೋಡ್ಕೊ, ನಿನ್ ಋಣ ಇಟ್ಕೊಳಲ್ಲ" ಎಂದು ಕೆನ್ನೆ ಹಿಡಿದುಕೊಂಡು ಬಂದಿದ್ದಳು ಕೆರಿಶಾ. ಡೊರೆಟ್ ತನ್ನ ರಜೆಯ ದಿನ ಬಂದು ನಿಂತಳು. ಅವತ್ತೇ ಬೆಳಗ್ಗೆ ಇಂಗ್ಲೆಂಡಿನ ಯಾವುದೋ ರೈಲು ನಿಲ್ದಾಣದಲ್ಲಿ ಉಣ್ಣೆ ಟೋಪಿ ಹಾಕಿಕೊಂಡ ಫೋಟೋ ಬಂತು, ಮೂವತ್ತೆರಡೂ ಹಲ್ಲು ತೋರಿಸಿಕೊಂಡು. ಹಲ್ಲು ಕಿತ್ತರೋ ಇಲ್ಲವೋ, ಕಾಲಂತೂ ಕಿತ್ತಿದ್ದಳು. ಡೊರೆಟ್‌ಗೆ ಉರಿದದ್ದು ಹೋದದ್ದಕ್ಕಲ್ಲ. ಹದಿನಾಲ್ಕು ತಿಂಗಳಲ್ಲಿ ಆ ಒಂದು ವಾರ್ಡಿನಿಂದ ಏಳು ಜನ ಹೋಗಿದ್ದರು. ಯಾರೂ ಹೇಳಿ ಹೋಗಿರಲಿಲ್ಲ. ಹೇಳಿದರೆ ನಿಂತುಬಿಡುತ್ತೇವೇನೋ ಎಂಬ ಭಯಕ್ಕೋ, ನಿಂತವರ ಮುಖ ನೋಡಲಾರದ್ದಕ್ಕೋ, ಒಬ್ಬಳು ಅಜ್ಜಿಯ ಶವಸಂಸ್ಕಾರಕ್ಕೆ, ಒಬ್ಬಳು ನೀರಿನ ಪೈಪು ಒಡೆದದ್ದಕ್ಕೆ, ಒಬ್ಬಳು ಬರಿಯ "ಬ್ರೆಡ್ ತರ್ತೀನಿ" ಎಂದು ಹೋಗಿ ಮಯಾಮಿ ಸೇರಿದ್ದರು. ಹೀಗೆ ಹೋದವರಿಗೆ ವಾರ್ಡಿನಲ್ಲಿ ಒಂದು ಶಾಸ್ತ್ರ ಹುಟ್ಟಿಕೊಂಡಿತ್ತು. ಸತ್ತವರ ಮನೆಯಲ್ಲಿ ಒಂಬತ್ತನೆಯ ರಾತ್ರಿ ಮಾಡುವುದನ್ನು ಇವರು ಒಂಬತ್ತನೆಯ ಮಧ್ಯಾಹ್ನ ಮಾಡುತ್ತಿದ್ದರು: ಆಯಾ ಪ್ಯಾನ್ಸಿ ಮನೆಯಿಂದ ಕರಿದ ಮೀನು ತರುತ್ತಾಳೆ, ಎಲ್ಲರೂ ಗಟ್ಟಿ ಬ್ರೆಡ್ಡಿನ ಜೊತೆ ತಿಂದು ಒಂದು ಶೋಕಗೀತೆಯನ್ನು ಕುಣಿಯುವ ಲಯಕ್ಕೆ ಹಾಡುತ್ತಾರೆ, ಆಮೇಲೆ ಡ್ಯೂಟಿ ಕೋಣೆಯ ಮೇಜು ಕುರ್ಚಿಗಳನ್ನು ಅದಲು ಬದಲು ಮಾಡಿ ಹೋದವಳ ಕಪಾಟನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಾರೆ. ಅವಳ ದೆವ್ವ ವಾಪಸು ಬಂದರೆ ಗುರುತು ಸಿಗದೆ ಹೋಗಲಿ ಅಂತ. ಏಳು ಸಲ ಅದಲು ಬದಲಾಗಿ ಈಗ ಆ ಕೋಣೆಯಲ್ಲಿ ಬಾಗಿಲಿಗೆ ಅಡ್ಡ ಮೇಜು ಬಂದಿತ್ತು. ಬದುಕಿರುವವರೇ ಪಕ್ಕಕ್ಕೆ ತಿರುಗಿ ಒಳಹೋಗಬೇಕು.

ಕೆರಿಶಾ ಇಲ್ಲದ ಮೊದಲ ಬೆಳಗ್ಗೆ ಮಿಸ್ ವೀಡಾ ಕಾಲು ಕೊಡಲಿಲ್ಲ. "ಕೆರಿಶಾ ಬರ್ಲಿ" ಎಂದು ಮಂಡಿ ಮಡಚಿಕೊಂಡಳು. ಡೊರೆಟ್ ಕೇಳಿದಳು, ಗದರಿದಳು, ಹಿಡಿಯಹೋಗಿ ಎದೆಗೆ ಒದೆಸಿಕೊಂಡಳು. ಅಷ್ಟರಲ್ಲಿ ಹನ್ನೊಂದನೆಯ ಹಾಸಿಗೆಯವಳು ವಾಂತಿ ಮಾಡಿಕೊಂಡಳು, ಇಪ್ಪತ್ತನೆಯವಳ ಸಲೈನು ಖಾಲಿಯಾಯಿತು, ಪ್ಯಾನ್ಸಿ ಗಂಜಿಯ ಪಾತ್ರೆ ಎಳೆದುಕೊಂಡು ಎಲ್ಲೋ ಇದ್ದಳು. ಡೊರೆಟ್ ಬಾಗಿಲಾಚೆ ಹೋಗಿ, ಗೋಡೆಗೆ ಹಣೆ ಒತ್ತಿ, ಮೂರು ಎಣಿಸಿ, ಒಳಗೆ ಬಂದು ಕೆರಿಶಾಳ ದನಿಯಲ್ಲಿ "ಏನ್ ಗಲಾಟೆಯೇ ಅಜ್ಜೀ, ಬೀದೀಗ್ ಕೇಳ್ತಿದೆ!" ಎಂದಳು. ಅಪಹಾಸ್ಯ ಮಾಡುವುದಷ್ಟೇ ಅವಳ ಉದ್ದೇಶವಾಗಿತ್ತು, ಕೆರಿಶಾಳನ್ನೂ ಮುದುಕಿಯನ್ನೂ ಒಟ್ಟಿಗೆ. ಚಿಕ್ಕಂದಿನಿಂದ ಅವಳಿಗೆ ಅದೊಂದು ಬರುತ್ತಿತ್ತು: ಪಾದ್ರಿ, ಟೀಚರು, ಬಸ್ಸಿನ ಕಂಡಕ್ಟರು, ಯಾರನ್ನು ಬೇಕಾದರೂ ಗಂಟಲೊಳಗೆ ಕೂರಿಸಿಕೊಂಡುಬಿಡುವುದು. ಕಾಲು ತಾನಾಗಿ ಚಾಚಿಕೊಂಡಿತು. ಆ ಕಾಲು ಹಾಗೆ ನಂಬಿ ಚಾಚಿಕೊಂಡದ್ದನ್ನು ನೆನೆದರೆ ಡೊರೆಟ್‌ಗೆ ಇವತ್ತೂ ಕಿವಿ ಬಿಸಿಯಾಗುತ್ತದೆ. ಹದಿನೇಳು ವರ್ಷದಲ್ಲಿ ಯಾರೂ ಅವಳಿಗೆ ಹಾಗೆ ಕಾಲು ಕೊಟ್ಟಿರಲಿಲ್ಲ.

ವಾರಕ್ಕೊಮ್ಮೆ ಬರುವ ಸರ್ಜನ್ ಮೊದಲ ವಾರವೇ ಬರೆದುಹೋಗಿದ್ದ: ಕಿರುಬೆರಳು ತೆಗೆಯಬೇಕು, ಒಪ್ಪಿಗೆ ಪಡೆಯಿರಿ. ಡೊರೆಟ್ ಅದನ್ನು ಮಧ್ಯಾಹ್ನದ ಹೊತ್ತು ತನ್ನ ಸ್ವಂತ ದನಿಯಲ್ಲಿ ಎರಡು ಸಲ ಹೇಳಿದಳು. "ಥೂ! ಕಿತ್ತಳೇ! ನನ್ ಬೆರಳು ಬೇಕಾ ನಿಂಗೆ? ಕೆರಿಶಾ ಒಣಗ್ತಿದೆ ಅಂತಾಳೆ, ನೀನು ಕತ್ತರಿಸ್ಬೇಕು ಅಂತೀಯಾ. ಕೆರಿಶಾ ಹೇಳ್ಲಿ, ಒಪ್ತೀನಿ" ಎಂದು ಮುದುಕಿ ಗೋಡೆಗೆ ತಿರುಗಿದ್ದಳು. ಹಾಗಾದರೆ ಕೆರಿಶಾಳಿಂದಲೇ ಹೇಳಿಸಬಹುದಿತ್ತು. ಪ್ರತಿರಾತ್ರಿ ಹಾಗೆಂದೇ ನಿಶ್ಚಯಿಸಿ ಮಲಗುತ್ತಿದ್ದಳು. ಬೆಳಗ್ಗೆ ಆ ದನಿಯಲ್ಲಿ ಆ ಮಾತು ಕೂರುತ್ತಿರಲಿಲ್ಲ, ಸಕ್ಕರೆ ಚೀಲದಲ್ಲಿ ಕಲ್ಲು ತುಂಬಿದ ಹಾಗೆ. ಹಾಗೆಂದು ಅವಳು ನೆಪ ಹೇಳಿಕೊಳ್ಳುತ್ತಿದ್ದಳು. ನಿಜ ಬೇರೆ ಇತ್ತು. ದಿನಕ್ಕೆ ಇಪ್ಪತ್ತು ನಿಮಿಷ ಒಬ್ಬರು ತನ್ನನ್ನು 'ಮಗಳೇ' ಎನ್ನುವುದು ಅವಳಿಗೆ ಬೇಕಾಗಿತ್ತು. ಅದಕ್ಕಾಗಿ ಒಂದು ಬೆರಳನ್ನು ಕೊಳೆಯಲು ಬಿಟ್ಟಿದ್ದಳು. ಸರ್ಜನ್ ಬಂದು, ಹಾಳೆ ತಿರುವಿ, "ಒಪ್ಪಲಿಲ್ವಾ? ಸರಿ, ಮುಂದಿನ್ವಾರ" ಎಂದು ಕೈಗಡಿಯಾರ ನೋಡಿಕೊಂಡು ಹೋಗುತ್ತಿದ್ದ.

ಅಪ್ರನ್ನಿನ ಜೇಬಿನಲ್ಲಿ ಫೋನು ಒಮ್ಮೆ ಗುಂಯ್‌ಗುಟ್ಟಿತು. ನೋಡದೆಯೂ ಗೊತ್ತಿತ್ತು. ಇಂಗ್ಲೆಂಡಿನ ಉತ್ತರದ ಒಂದು ಆಸ್ಪತ್ರೆಯವರ ಕೊನೆಯ ಜ್ಞಾಪನೆ: ಇವತ್ತು ಅವರ ಸಂಜೆ ಐದರೊಳಗೆ, ಅಂದರೆ ಇಲ್ಲಿಯ ಬೆಳಗಿನ ಹನ್ನೊಂದರೊಳಗೆ, ಒಪ್ಪಿಗೆ ಕಳಿಸದಿದ್ದರೆ ಆ ಜಾಗ ಬೇರೆಯವರಿಗೆ. ಹೀಗೆ ಎರಡು ಸಲ ಬಂದದ್ದನ್ನು ಹಿಂದೆ ಅವಳು ಬಿಟ್ಟಿದ್ದಳು. ಯಾಕೆ ಎಂದು ಕೇಳಿದವರಿಗೆ ಒಂದೊಂದು ಉತ್ತರ ಕೊಟ್ಟಿದ್ದಳು: ಚರ್ಚಿನವರಿಗೆ ದೇವರ ಕರೆ ಎಂದು, ತಮ್ಮನಿಗೆ ಚಳಿ ಆಗಲ್ಲ ಎಂದು, ಪ್ಯಾನ್ಸಿಗೆ "ಅಲ್ಲಿ ಜೂಲಿ ಮಾವಿನಹಣ್ಣು ಸಿಗಲ್ಲ ಕಣೇ" ಎಂದು. ಒಂದನ್ನೂ ಅವಳು ನಂಬಿರಲಿಲ್ಲ. ಉಳಿಯುವುದಕ್ಕೆ ಅವಳಿಗಿದ್ದ ಕಾರಣವನ್ನು ಕಾರಣ ಎನ್ನಲೂ ಆಗದು, ಅದೊಂದು ಲೋಟ. ಎರಡು ವರ್ಷದ ಹಿಂದೆ ಹದಿನಾಲ್ಕನೆಯ ಹಾಸಿಗೆಯ ಲರ್ಲೀನ್ ಎಂಬ ಮೇಷ್ಟ್ರ ಹೆಂಡತಿ ನೀರು ಕೇಳಿದ್ದಳು. "ಐದು ನಿಮಿಷ" ಎಂದು ಡೊರೆಟ್ ಹೋಗಿದ್ದಳು. ದೀಪ ಕೆಟ್ಟ ಕೋಣೆಯಲ್ಲಿ ಡಾಕ್ಟರು ಹೊಲಿಗೆ ಹಾಕುವಷ್ಟು ಹೊತ್ತು ಅವಳು ತನ್ನ ಫೋನಿನ ಬೆಳಕು ಹಿಡಿದು ನಿಲ್ಲಬೇಕಾಯಿತು, ಅಲ್ಲಿಂದ ಊಟದ ಗಾಡಿ ತಳ್ಳಬೇಕಾಯಿತು, ಐವತ್ತು ನಿಮಿಷದ ಮೇಲೆ ಲೋಟ ಹಿಡಿದು ಬಂದರೆ ಲರ್ಲೀನ್‌ಳ ಉಸಿರು ನಿಂತಿತ್ತು, ತುಟಿ ಸ್ವಲ್ಪ ತೆರೆದುಕೊಂಡಿತ್ತು, ಇನ್ನೂ ಕೇಳುತ್ತಿರುವ ಹಾಗೆ. ಗಂಡ ಬಂದು ಅವಳ ಎರಡೂ ಕೈ ಹಿಡಿದು, "ನೀವೆಲ್ಲ ಎಷ್ಟು ಮಾಡಿದ್ರಿ" ಎಂದು ಅತ್ತ. ಅವನು ಒಂದು ಹೊಡೆದಿದ್ದರೆ ಅವತ್ತೇ ವಿಮಾನ ಹತ್ತುತ್ತಿದ್ದಳೇನೋ. ಕೃತಜ್ಞತೆ ಹೇಳಿಸಿಕೊಂಡು ಸಿಕ್ಕಿಬಿದ್ದಳು.

ಎಂಟೂವರೆಗೆ ಮ್ಯಾಟ್ರನ್ ಬಂದಳು. ಮಿಸೆಸ್ ಲ್ಯಾಟಿಬೋಡೇರ್‌ಳ ಹೆಸರು ಅವಳಿಗಿಂತ ಉದ್ದ. ಮೂವತ್ನಾಲ್ಕು ವರ್ಷ ಇದೇ ಕಟ್ಟಡದಲ್ಲಿ ಸವೆದವಳು; ಅವಳ ಮೂವರು ಹೆಣ್ಣುಮಕ್ಕಳೂ ನರ್ಸುಗಳು, ಮೂವರೂ ಫ್ಲಾರಿಡಾದಲ್ಲಿ. ಕಂಕುಳಲ್ಲಿ ಹಾಜರಿ ಪುಸ್ತಕ, ಮುಷ್ಟಿಯಲ್ಲಿ ಏನೋ ಮುಚ್ಚಿಟ್ಟುಕೊಂಡಿದ್ದಳು. ಬಾಗಿಲಿಗಡ್ಡ ಬಂದ ಮೇಜನ್ನು ಶಪಿಸಿ, ಪಕ್ಕಕ್ಕೆ ತಿರುಗಿ ಒಳಬಂದು, "ಕೂತ್ಕೊ" ಎಂದಳು. ಡೊರೆಟ್ ಕೂರಲಿಲ್ಲ.

"ಚೀಟಿ ಎಣಿಸಿದ್ರು ನಿನ್ನೆ" ಎಂದಳು ಮ್ಯಾಟ್ರನ್. ದಾದಿಯರ ದಿನಕ್ಕೆ ರೋಗಿಗಳು ತಮಗೆ ಮೆಚ್ಚಿದ ನರ್ಸಿನ ಹೆಸರು ಬರೆದು ಡಬ್ಬಿಗೆ ಹಾಕುವುದು, ಗೆದ್ದವಳಿಗೆ ನೀಲಿ ರಿಬ್ಬನ್ನು ಚುಚ್ಚುವುದು ಆ ಆಸ್ಪತ್ರೆಯ ಹಳೆಯ ಪದ್ಧತಿ. "ಇಡೀ ಆಸ್ಪತ್ರೇಲಿ ಇಷ್ಟು ಚೀಟಿ ಯಾರಿಗೂ ಬಿದ್ದಿಲ್ಲ. ನಿಮ್ ವಾರ್ಡಿನ ಮೂವತ್ತೆರಡು ಹಾಸಿಗೇಲಿ ಇಪ್ಪತ್ತಾರು ಒಂದೇ ಹೆಸರಿಗೆ." ಡೊರೆಟ್‌ಳ ಎದೆ ಅವಳ ಅನುಮತಿ ಕೇಳದೆ ಒಂದು ಸಲ ಹಾರಿತು. "ಕೆರಿಶಾ ಗುಡನ್" ಎಂದಳು ಮ್ಯಾಟ್ರನ್.

ಡೊರೆಟ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮಿಸ್ ವೀಡಾಳೊಬ್ಬಳನ್ನು ಬಿಟ್ಟರೆ ಈಗ ವಾರ್ಡಿನಲ್ಲಿದ್ದವರೆಲ್ಲ ಈ ಮೂರು ವಾರದಲ್ಲಿ ಬಂದು ಸೇರಿದವರು. ಬಂದ ಮೊದಲ ಬೆಳಗ್ಗೆಯೇ ಕೊನೆಯ ಕಿಟಕಿಯಿಂದ ಮುದುಕಿ 'ಕೆರಿಶಾ, ಮಗಳೇ' ಎಂದು ಕೂಗುವುದನ್ನು ಕೇಳಿದವರು, ಅದಕ್ಕೆ 'ಓ' ಅಂದವಳ ಮುಖ ನೋಡಿದವರು. ಅವರ ಪಾಲಿಗೆ ಈ ಮುಖವೇ ಕೆರಿಶಾ. ತಿದ್ದಿದರೆ ಮುದುಕಿಗೆ ಕೇಳಿಸಿಬಿಡುತ್ತದೆಂದು ಡೊರೆಟ್ ತಿದ್ದಿರಲಿಲ್ಲ. ಮಧ್ಯಾಹ್ನ ಇದೇ ಮುಖ ಬೇರೆ ದನಿಯಲ್ಲಿ ಗದರುವುದನ್ನು ಅವರು 'ಪಾಪ, ದಣಿದಿದಾಳೆ' ಎಂದುಕೊಂಡಿದ್ದರು. ಅಂದರೆ ರಿಬ್ಬನ್ನು ಬಂದದ್ದು ತನಗೇ. ತನಗೆ ಬಂದೇ ಇರಲಿಲ್ಲ.

"ಸಚಿವಾಲಯದಿಂದ ಆ ಮೇಡಂ ಹತ್ತು ಗಂಟೆಗೆ ಬರ್ತಾರೆ. ಪ್ರಮಾಣಪತ್ರದಲ್ಲಿ ಹೆಸರು ಬರೆಸಿ ಆಯ್ತು. ನಿನ್ನೆ ನಾನು ರಜದಲ್ಲಿದ್ದೆ, ಗುಮಾಸ್ತ ಆ ಹೆಸರು ಕಳಿಸ್ಬಿಟ್ಟಿದಾನೆ."

"ಹೋಗಿಬಿಟ್ಟಿದಾಳೆ ಅಂತ ಹೇಳಿ."

"ಹೇಗೆ ಹೇಳ್ಲಿ?" ಮ್ಯಾಟ್ರನ್ ಹಾಜರಿ ಪುಸ್ತಕ ತೆರೆದು ತೋರಿಸಿದಳು. ಇಪ್ಪತ್ತೆರಡು ದಿನವೂ ಹೆಸ್ಲಪ್ ಕೆಳಗೆ ಗುಡನ್, ಗುಡನ್ ಮುಂದೆ ಹಾಜರು, ಹಾಜರು, ಹಾಜರು. "ಬಿಟ್ಟುಹೋದ್ಲು ಅಂತ ಬರೆದ ದಿನಾನೇ ಆ ಹುದ್ದೆಗೆ ಬೀಗ ಹಾಕ್ತಾರೆ. ಡೇಕರ್ಸ್ ಹೋದಾಗ ಹಾಕಿದ್ರು, ಬೋಗಲ್ ಹೋದಾಗ ಹಾಕಿದ್ರು. ಸಂಬಳ ನಿಲ್ಸೋ ಕಾಗದ ಬೇರೆ ಕಚೇರಿಗೆ ಹೋಗಿದೆ. ಆ ಕಚೇರಿಗೂ ಈ ಕಚೇರಿಗೂ ಮಾತಿಲ್ಲ, ದೇವರು ದೊಡ್ಡವನು. ಜುಲೈವರೆಗೆ ಹೀಗೇ ತಳ್ಳಿದ್ರೆ ಹೊಸಬಳೊಬ್ಬಳನ್ನ ಕೊಡ್ತಾರೆ. ನಿಂಗೇ ಡೊರೆಟ್, ನಿನ್ ಜೊತೆಗೇ." ಮುಷ್ಟಿ ತೆರೆದಳು. ಅಂಗೈಯಲ್ಲಿ ಕೆರಿಶಾಳ ಹೆಸರಿನ ಬಿಲ್ಲೆ. "ಒಂದು ಫೋಟೋ. ಎರಡು ಮಾತು. ಆ ಮೇಡಂ ನಿನ್ನನ್ನೂ ನೋಡಿಲ್ಲ, ಅವಳನ್ನೂ ನೋಡಿಲ್ಲ. ಹೇಗೂ ಬೆಳಗ್ಗೆ ಬೆಳಗ್ಗೆ ನೀನು ಅವಳೇ ಆಗಿರ್ತೀಯಂತಲ್ಲ, ಪ್ಯಾನ್ಸಿ ಹೇಳಿದ್ಲು."

"ನಿಮ್ಮ ಸೂಚನೆ ನಮಗೆ ಹತ್ಯಂತ ಹಾನಂದ ತಂದಿದೆ" ಎಂದಳು ಡೊರೆಟ್, ಮ್ಯಾಟ್ರನ್‌ಳದೇ ದನಿಯಲ್ಲಿ. ದೊಡ್ಡವರ ಮುಂದೆ ಶುದ್ಧವಾಗಿ ಮಾತಾಡಹೋಗಿ ಇಲ್ಲದ ಕಡೆಯೆಲ್ಲ ಹಕಾರ ಸೇರಿಸುವುದು ಮ್ಯಾಟ್ರನ್‌ಳ ಹಳೆಯ ಚಾಳಿ. ಬೇರೆ ದಿನವಾಗಿದ್ದರೆ ಮ್ಯಾಟ್ರನ್ ಕಿವಿ ಹಿಂಡುತ್ತಿದ್ದಳು. ಇವತ್ತು ಅವಳು ಕುರ್ಚಿಯ ಮೇಲೆ ಕೂತಳು, ಒಮ್ಮೆಲೇ ತೂಕ ಇಳಿಸಿದ ಹಾಗೆ. "ಮಾಡು, ಅಣಕಿಸು. ನನ್ ಮಕ್ಳೂ ಹಾಗೇ ಅಣಕಿಸ್ತಿದ್ರು, ಈಗ ಫೋನಲ್ಲಿ ಅಣಕಿಸ್ತಾರೆ. ನಂಗೂ ನಾಚ್ಕೆ ಆಗತ್ತೆ ಡೊರೆಟ್. ಆದ್ರೆ ನಾಚ್ಕೆ ಪಟ್ಕೊಂಡು ಕೂತ್ರೆ ವಾರ್ಡಿಗೆ ಬೀಗ ಬೀಳತ್ತೆ. ಹಾಕ್ಕೊಳ್ಳೇ ಮಾರಾಯ್ತಿ." ಡೊರೆಟ್ ಹಾಕಿಕೊಂಡಳು. ಆ ಬಿಲ್ಲೆ ಅಷ್ಟೇನೂ ಭಾರವಿರಲಿಲ್ಲ. ಪಿನ್ನು ಬಟ್ಟೆ ದಾಟಿ ಚರ್ಮಕ್ಕೆ ಒಂದಿಷ್ಟು ತಾಗಿತು, ಅವಳು ಅದನ್ನು ಸರಿಮಾಡಿಕೊಳ್ಳಲಿಲ್ಲ.

ಹತ್ತಕ್ಕೆ ಎಂದವರು ಹತ್ತೂಕಾಲಿಗೆ ಬಂದರು. ಹಾಸಿಗೆಗಳ ನಡುವಿನ ದಾರಿಯಲ್ಲಿ ಹತ್ತು ಕುರ್ಚಿ, ಒಂದು ಮೈಕು, ಕೇಕು, ವಾಂತಿ ಹಿಡಿಯುವ ತಟ್ಟೆಯಲ್ಲಿ ಪ್ಯಾನ್ಸಿ ಜೋಡಿಸಿದ ಕಾಗದದ ಹೂವು. ಸಚಿವಾಲಯದ ಮೇಡಂ ಪೀಚ್ ಬಣ್ಣದ ಸೂಟು, ಅದೇ ಬಣ್ಣದ ಟೋಪಿ ಹಾಕಿಕೊಂಡು ಬಂದಿದ್ದಳು. ಮ್ಯಾಟ್ರನ್ "ಹಾತ್ಮೀಯ ಹತಿಥಿಗಳೇ" ಎಂದು ಶುರುಮಾಡಿದಳು. ಮೇಡಂ ಎದ್ದು ತ್ಯಾಗ ಎಂದಳು. ನರ್ಸ್ ಎಂದರೆ ತ್ಯಾಗ, ಮೇಣದ ಬತ್ತಿ, ತಾನು ಉರಿದು ಬೆಳಕು ಕೊಡುವುದು. ಹೊರದೇಶದ ಆಮಿಷಕ್ಕೆ ಬಲಿಯಾಗದೆ ಜಮೈಕಾದ ಮಣ್ಣಿಗೆ ನಿಷ್ಠರಾದವರು. ತ್ಯಾಗ, ಮತ್ತೂ ತ್ಯಾಗ. ನಡುವೆ ಕರವಸ್ತ್ರ ಅಡ್ಡ ಹಿಡಿದು ಒಂದು ಸಣ್ಣ ತೇಗು ತೇಗಿದಳು, ಕಚೇರಿಯಲ್ಲಿ ಮಾಂಸ ತುಂಬಿದ ಬಿಸಿ ಪ್ಯಾಟಿ ತಿಂದು ಬಂದದ್ದಿರಬೇಕು. ತ್ಯಾಗ ನಮ್ಮ ಪಾಲಿಗೆ, ತೇಗು ಇವರ ಪಾಲಿಗೆ ಎಂದು ಡೊರೆಟ್‌ಗೆ ಅನಿಸಿತು. ಬೇರೆ ದಿನವಾಗಿದ್ದರೆ ಆ ಮಾತನ್ನು ಪ್ಯಾನ್ಸಿಗೆ ಉಸುರಿ ಇಬ್ಬರೂ ನಗಬಹುದಿತ್ತು. ಈಗ ಅದು ಒಳಗೇ ಕೂತು ಕುದಿಯಿತು. ಮೂವತ್ತೆರಡು ಹಾಸಿಗೆಗೆ ಎರಡು ಕೈ. ಈ ಭಾಷಣ ನಡೆಯುವ ಹೊತ್ತಿನಲ್ಲಿ ಆರು ಜನರ ಇಂಜೆಕ್ಷನ್ ತಡವಾಗಿತ್ತು.

"ನರ್ಸ್ ಕೆರಿಶಾ ಗುಡನ್!"

ಚಪ್ಪಾಳೆ ಬಿತ್ತು. ನಿಜವಾದ ಚಪ್ಪಾಳೆ, ಹಾಸಿಗೆಗಳಿಂದ ಬಂದದ್ದು, ಸೂಜಿ ಚುಚ್ಚಿದ ಕೈಗಳದ್ದು. ಹಿಂದಿನಿಂದ ಮಿಸ್ ವೀಡಾ ಸಂತೆಯ ಗಂಟಲಲ್ಲಿ ಕೂಗಿದಳು: "ಹೋಗೇ ನನ್ ಮಗಳೇ! ಎಲ್ರಿಗೂ ನಾನೇ ಹೇಳಿದ್ದು, ಆ ಹುಳಿ ಕಿತ್ತಳೆಗೆ ಒಂದು ಚೀಟೀನೂ ಹಾಕ್ಬೇಡಿ ಅಂತ!" ಎಲ್ಲರೂ ನಕ್ಕರು. ಮೇಡಂ ನಕ್ಕಳು. ಫೋಟೋದವನು ನಕ್ಕ. ರಿಬ್ಬನ್ನು ಬಿಲ್ಲೆಯ ಮೇಲೆ ಕೂತಿತು. "ಎರಡು ಮಾತಾಡಮ್ಮಾ" ಎಂದು ಮೇಡಂ ಮೈಕು ಕೊಟ್ಟಳು.

"ಥ್ಯಾಂಕ್ಯೂ ರೀ" ಎಂದಳು ಡೊರೆಟ್. ಕೆರಿಶಾಳ ದನಿ ಎಂದೂ ಇಷ್ಟು ಸಲೀಸಾಗಿ ಕೂತಿರಲಿಲ್ಲ. ಮಿಸ್ ವೀಡಾಳ ಮುಖ ಅರಳಿತು. "ಆದ್ರೆ ಈ ರಿಬ್ಬನ್ ಹೇಗ್ ತಗೊಳ್ಲಿ ಬಂಗಾರಾ? ನಾನು ಇಲ್ಲಿ ಇಲ್ವಲ್ಲಾ." ಇದನ್ನೂ ತಮಾಷೆ ಎಂದುಕೊಂಡು ಕೆಲವರು ನಕ್ಕರು. "ಇಪ್ಪತ್ತೆರಡು ದಿನ ಆಯ್ತು ನಾನು ಹೋಗಿ. ಹಲ್ಲುನೋವು ಅಂತ ಸುಳ್ಳು ಹೇಳ್ಬಿಟ್ಟು ಹೋದೆ. ಹೋಗೋವಾಗ ಬಿಪಿ ನೋಡೋ ಮಶೀನೂ ತಗೊಂಡ್ಹೋದೆ, ಯಾಕಂದ್ರೆ ಅದು ನಂದೇ, ನನ್ ಕೈ ದುಡ್ಡಿಂದ ತಗೊಂಡಿದ್ದು. ವಾರ್ಡಿನ ಮಶೀನು ಕೆಟ್ಟು ಎರಡು ವರ್ಷ ಆಯ್ತು. ಹೋಗೋ ಮುಂಚೆ 'ಯಾಕೆ ಹೋಗ್ತೀಯೇ' ಅಂತ ಯಾರಾದ್ರೂ ಕೇಳಿದ್ರೆ ಹೇಳ್ತಿದ್ದೆ. ಎಲ್ಲಾರೂ 'ಯಾವಾಗ' ಅಂತಷ್ಟೇ ಕೇಳ್ತಿದ್ರು." ಮ್ಯಾಟ್ರನ್ ಎದ್ದಳು, ಮತ್ತೆ ಕೂತಳು. ಡೊರೆಟ್‌ಗೆ ನಿಲ್ಲಿಸಲಾಗಲಿಲ್ಲ. ಗಂಟಲಿನೊಳಗಿಂದ ಬಿಟ್ಟುಹೋದವರು ಒಬ್ಬೊಬ್ಬರೇ ತಳ್ಳಿಕೊಂಡು ಬಂದರು. ಡೋಲಿನಂಥ ದನಿಯ ಬೋಗಲ್ ಬಂದಳು: "ಮೂವತ್ತೆರಡು ಜನರಲ್ಲಿ ಯಾರ್ ಮೊದ್ಲು ಸಾಯ್ಬೇಕು ಅಂತ ದಿನಾ ನಾನೇ ಆರಿಸ್ಬೇಕಿತ್ತು. ಆರಿಸಿ ಆರಿಸಿ ಕೈಬರಹ ಕೆಟ್ಟೋಯ್ತು." ಪಿಸುಗುಟ್ಟುವ ಡೇಕರ್ಸ್ ಬಂದಳು: "ನಾನಂತೂ ದುಡ್ಡಿಗೋಸ್ಕರಾನೇ ಹೋದೆ ಮೇಡಂ. ಅದ್ರಲ್ಲೇನ್ ನಾಚ್ಕೆ? ನೀವು ಬಂದ ಕಾರು ತ್ಯಾಗದಿಂದ ಓಡತ್ತಾ?" ಈಗ ಯಾರೂ ನಗಲಿಲ್ಲ. ಫೋಟೋದವನು ಕ್ಯಾಮೆರಾ ಇಳಿಸಿದ.

"ನೀವು ಯಾರಮ್ಮಾ?" ಎಂದಳು ಮೇಡಂ, ಬಿಲ್ಲೆಯನ್ನೂ ಮುಖವನ್ನೂ ಮತ್ತೆ ಮತ್ತೆ ನೋಡುತ್ತ.

ಅಷ್ಟು ಜನ ಹಾದುಹೋದ ಗಂಟಲಲ್ಲಿ ತನ್ನದೇ ದನಿ ಹುಡುಕಲು ಒಂದು ಕ್ಷಣ ಬೇಕಾಯಿತು. ಬಂದದ್ದು ತುಕ್ಕು ಹಿಡಿದ ಗೇಟು. "ಡೊರೆಟ್ ಹೆಸ್ಲಪ್. ಹದಿನೇಳು ವರ್ಷ ಆಯ್ತು ಇಲ್ಲಿ. ನಾನು ತ್ಯಾಗ ಮಾಡಿ ಉಳಿದಿಲ್ಲ ಮೇಡಂ. ಹೆದರ್ಕೊಂಡು ಉಳಿದೆ, ತಪ್ಪು ಮಾಡಿ ಉಳಿದೆ, ಉಳಿದಿದೀನಲ್ಲಾ ಅನ್ನೋ ಜಂಭಕ್ಕೆ ಉಳಿದೆ. ಹೋದೋರನ್ನ ಕಳ್ಳರು ಅಂತೀರಿ, ಉಳಿದೋರನ್ನ ಮೇಣದಬತ್ತಿ ಅಂತೀರಿ. ಕೊನೆಗೆ ಊದಿ ಆರಿಸೋದೂ ನೀವೇ. ನಾನೂ ಹೋಗ್ತಿದೀನಿ. ನಂಗೆ ಹಲ್ಲು ನೋವಿಲ್ಲ. ಮೂರು ತಿಂಗಳ ನೋಟೀಸು ಕೊಟ್ಟು, ಆಗಸ್ಟಲ್ಲಿ, ಎಲ್ಲರೆದುರಿಗೇ ಹೋಗ್ತೀನಿ." ಜೇಬಿನಿಂದ ಫೋನು ತೆಗೆದಳು. ಹನ್ನೊಂದಕ್ಕೆ ಹನ್ನೆರಡು ನಿಮಿಷವಿತ್ತು. ಬೆವರಿದ ಹೆಬ್ಬೆರಳಿಗೆ ಗಾಜು ಎರಡು ಸಲ ಸ್ಪಂದಿಸಲಿಲ್ಲ. ಆಸ್ಪತ್ರೆಯ ಬಟ್ಟೆಗೆ ಬೆರಳು ಒರೆಸಿಕೊಂಡು ಮೂರನೆಯ ಸಲ ಒತ್ತಿದಾಗ ಒಪ್ಪಿಗೆ ಹೋಯಿತು. ಬಿಲ್ಲೆಯನ್ನೂ ರಿಬ್ಬನ್ನನ್ನೂ ಬಿಚ್ಚಿ ಕೇಕಿನ ಪಕ್ಕ ಇಟ್ಟಳು. ಮ್ಯಾಟ್ರನ್ ಅವಳನ್ನೇ ನೋಡುತ್ತಿದ್ದಳು. ಅದು ಸಿಟ್ಟಿನ ನೋಟವಾಗಿದ್ದರೆ ಸುಲಭವಿತ್ತು. "ಕೇಕ್ ಕತ್ತರಿಸಿ ಪ್ಯಾನ್ಸಿ, ಕೇಕ್" ಎಂದಳು ಮ್ಯಾಟ್ರನ್. ಹಕಾರ ಎಲ್ಲೂ ಇರಲಿಲ್ಲ.

ಎದೆಯಲ್ಲಿ ಏನೋ ಕುಣಿಯುತ್ತಿತ್ತು. ಹೇಳಿಬಿಟ್ಟೆ, ಹೇಳಿಬಿಟ್ಟೆ. ಇಂಜೆಕ್ಷನ್ನಿನ ತಟ್ಟೆ ಎತ್ತಿಕೊಂಡು ಅವಳು ಹಾಸಿಗೆಗಳ ನಡುವೆ ರಾಣಿಯ ಹಾಗೆ ನಡೆದಳು. ಹನ್ನೊಂದನೆಯವಳು ಅವಳ ಮೊಣಕೈ ಮುಟ್ಟಿ, "ಸರೀಗ್ ಕೊಟ್ರಿ ಕೆರಿಶಾ... ಅಲ್ಲ, ನರ್ಸಮ್ಮ" ಎಂದಳು. ಕೊನೆಯ ಕಿಟಕಿಗೆ ಬರುವಷ್ಟರಲ್ಲಿ ಕುಣಿತ ನಿಂತಿತ್ತು. ಮಿಸ್ ವೀಡಾ ಎರಡೂ ಕಾಲನ್ನು ಹೊದಿಕೆಯೊಳಗೆ ಮಡಚಿ, ಮಂಡಿಯನ್ನು ತೋಳಿನಿಂದ ಕಟ್ಟಿಕೊಂಡು ಕೂತಿದ್ದಳು. ಮುಖ ಬಾಗಿಲ ಕಡೆಗಿತ್ತು, ಇನ್ನೂ ಯಾರಾದರೂ ಬರುವುದಿದೆಯೇನೋ ಎಂಬಂತೆ.

"ಯಾರು ಅದು?"

"ಡೊರೆಟ್."

"ಹೋದ್ಲಾ ಅವಳು?"

"ಹೋದ್ಲು. ಮೂರು ವಾರ ಆಯ್ತು."

"ನಂಗೆ ಹೇಳ್ದೇನೇ?"

"ಯಾರಿಗೂ ಹೇಳ್ಲಿಲ್ಲ."

ಮುದುಕಿಯ ದವಡೆ ಏನನ್ನೋ ಅಗಿಯುವಂತೆ ಆಡಿತು. "ಅಂದ್ರೆ ಬೆಳಗ್ಗೆ ಬೆಳಗ್ಗೆ ನೀನು ನನ್ ಬಾಯಿಂದ ನಿನ್ ಬೈಗುಳ ಕೇಳ್ಕೊಂಡು, ನಕ್ಕೊಂಡು, ಕಾಲು ತೊಳೀತಿದ್ದೆ."

"ಹೌದು."

"ಥೂ ನಿನ್ನ. ನಾಚ್ಕೆ ಆಗ್ಲಿಲ್ವಾ?"

"ಆಯ್ತು."

"ಒಣಗ್ತಿದೆ ಅಂದವಳು ಯಾರು? ಅವಳಾ, ನೀನಾ?"

ಈ ಪ್ರಶ್ನೆ ಮೈಕಿನ ಮುಂದೆ ಯಾರೂ ಕೇಳಿರಲಿಲ್ಲ. ಮೇಡಂಗೆ ಹೇಳಿದ ಅಷ್ಟೂ ಮಾತಿನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಮೂವತ್ತೆರಡು ಹಾಸಿಗೆ, ಎರಡು ಕೈ, ಕೆಟ್ಟ ಮಶೀನು, ಬೀಗ ಬಿದ್ದ ಹುದ್ದೆ, ಯಾವುದನ್ನೂ ಇದರ ಮುಂದೆ ಇಡಲು ಬರುವಂತಿರಲಿಲ್ಲ. ಕೆರಿಶಾ ಗಂಟಲೊಳಗಿಂದ ಮೆಲ್ಲಗೆ ತಲೆಯೆತ್ತಿ, ನಾನು ಹೇಳ್ಲಾ ಎಂದು ಕೇಳಿದ ಹಾಗಾಯಿತು. ಡೊರೆಟ್ ನುಂಗಿಕೊಂಡಳು.

"ನಾನು. ಒಣಗ್ತಿಲ್ಲ ಮಿಸ್ ವೀಡಾ. ಕೊಳೀತಿದೆ. ಗುರುವಾರ ಸರ್ಜನ್ ಬರ್ತಾರೆ. ನೀವು ಒಪ್ಪಿ ಹೆಬ್ಬೆಟ್ಟು ಹಾಕ್ಬೇಕು."

"ಎಷ್ಟು ಬೆರಳು?"

"ಎರಡು."

"ಒಂದು ಅಂದಿದ್ದೆ ಅವತ್ತು. ಕಿರುಬೆರಳು ಅಂದಿದ್ದೆ."

"ಅವತ್ತು ಒಂದೇ ಇತ್ತು."

ಕಿಟಕಿಯಾಚೆ ಯಾವನೋ ಬಾಡಿಗೆ ಕಾರಿನವನು ಹಾರನ್ನು ಬಾರಿಸುತ್ತ ಸಂತೆಗೆ ಹೋಗುವವರನ್ನು ಕೂಗಿ ಕರೆಯುತ್ತಿದ್ದ. ಹಿಂದೆ ಕೇಕಿನ ತಟ್ಟೆಗಳ ಸದ್ದು. ಮಿಸ್ ವೀಡಾ ಕೈ ಚಾಚಿದಳು. ಡೊರೆಟ್ ಬಗ್ಗಿದಳು. ಗೆಣಸು ಅಗೆದು ಒರಟಾದ ಅಂಗೈ ಅವಳ ಹಣೆ, ಹುಬ್ಬಿನ ನಡುವಿನ ಗೆರೆ, ಮೂಗು, ತುಟಿಗಳ ಮೇಲೆ ನಿಧಾನವಾಗಿ ಹರಿದಾಡಿತು, ಕೊಳ್ಳುವ ಮೊದಲು ಕಾಯಿಯನ್ನು ಒತ್ತಿ ನೋಡುವ ಹಾಗೆ. ಆಮೇಲೆ ಅದೇ ಅಂಗೈ ಸ್ವಲ್ಪ ಹಿಂದೆ ಸರಿದು ಅವಳ ಕೆನ್ನೆಗೆ ಫಟಾರನೆ ಬಿತ್ತು. ವಾರ್ಡೆಲ್ಲ ತಿರುಗಿ ನೋಡಿತು. ಡೊರೆಟ್ ಕದಲಲಿಲ್ಲ, ಕಣ್ಣಲ್ಲಿ ನೀರು ಬಂತು, ಅದರ ಹಿಂದೆಯೇ ಎರಡು ವರ್ಷದಿಂದ ಎಲ್ಲೋ ಬಿಗಿಯಾಗಿದ್ದ ಉಸಿರೊಂದು ಹೊರಬಿತ್ತು.

"ಆಗಸ್ಟಲ್ಲಿ ಹೋಗೋಳು" ಎಂದಳು ಮುದುಕಿ, "ಗುರುವಾರ ಇರ್ತೀಯಾ?"

"ಇರ್ತೀನಿ."

"ಇರು. ಬಾಯಿ ಮುಚ್ಕೊಂಡಿರು. ಅವಳ ಬಾಯೂ ಬೇಡ, ನಿನ್ ಬಾಯೂ ಬೇಡ."

ಹೊದಿಕೆಯೊಳಗಿಂದ ಕಾಲು ಹೊರಬಂತು. ಚಾಚಿಕೊಳ್ಳಲಿಲ್ಲ, ಮಂಡಿಯಿಂದ ಕೆಳಗೆ ಅರ್ಧ ಬಂದು ಅಲ್ಲೇ ನಿಂತಿತು, ಒದೆಯಲೂ ಸಿದ್ಧವಾಗಿ. ಡೊರೆಟ್ ಹಿಮ್ಮಡಿಯ ಕೆಳಗೆ ಎಡಗೈ ಇಟ್ಟು ಅದರ ಭಾರ ತೆಗೆದುಕೊಂಡಳು, ಬಾಯಿ ಮುಚ್ಚಿಕೊಂಡು ಬ್ಯಾಂಡೇಜು ಬಿಚ್ಚತೊಡಗಿದಳು.